ದ್ರೀಕಾ ಟಾನಿ ಹಿಡಿದ ಗ್ರಹ

ದ್ರೀಕಾ ಟಾನಿಯ ಕಕ್ಕಸಿನ ಮೇಲೆ ಸೂರೇ ನಿಲ್ಲೋದಿಲ್ಲ ಅಂತ ದಕ್ಷಿಣ ಆಫ್ರಿಕದ ನಮ್ಮ ಸದರ್ಲೆಂಡ್ ಊರಿನ ಓಣಿಯವರೆಲ್ಲ ಆಡಿಕೊಳ್ಳುತ್ತಿದ್ದರು. ನಿಜವೇ. ಹಿತ್ತಲಿನ ಹಳೇ ಕಕ್ಕಸಿಗೆ ಆಕೆ ಗಾಲಿಯ ಮೇಲೆ ಸರಿಯುವ ತಗಡು ಹೊದಿಸಿ, ಒಳಗೆ ದೂರದರ್ಶಕ ಕೂರಿಸಿದ್ದಳು. ನಲವತ್ತು ವರ್ಷ ಕುರಿಯ ಉಣ್ಣೆ ಮುಟ್ಟಿ ದರ್ಜೆ ಹೇಳಿದ ಹೆಂಗಸು, ಊರಿಗೆಲ್ಲ ಟಾನಿ, ಅಂದರೆ ಚಿಕ್ಕಮ್ಮ. ಈಗ ಹಿಡಿದದ್ದು ನಕ್ಷತ್ರದ ಬೆಳಕು. ಅದರ ಮುಂದೆ ದೊಡ್ಡ ಗ್ರಹ ಹಾದುಹೋದರೆ ಬೆಳಕು ನೂರರಲ್ಲಿ ಒಂದು ಪಾಲು ಕುಗ್ಗುತ್ತದಲ್ಲ, ಆ ಕುಗ್ಗನ್ನು ಅಳೆಯುವ ಕೆಲಸ.

ಹಿಂದೊಮ್ಮೆ "ಗ್ರಹ ಸಿಕ್ತು" ಅಂತ ಓಣಿಗೆಲ್ಲ ಕೇಕ್ ಹಂಚಿದ್ದಳು. ನೋಡಿದರೆ ಅದು ಒಂದನ್ನೊಂದು ಮರೆಮಾಡುವ ಎರಡು ನಕ್ಷತ್ರ!

ಈ ಸಲ ಹಾಗಲ್ಲ. ಬೆಟ್ಟದ ಮೇಲಿನ ವೀಕ್ಷಣಾಲಯದವರು ಆ ನಕ್ಷತ್ರದ ಓಲಾಟ ಅಳೆದು, ಅದನ್ನು ಎಳೆಯುತ್ತಿರುವುದು ನಮ್ಮ ಗುರುಗ್ರಹದ ಅರ್ಧ ತೂಕದ್ದು ಎಂದಿದ್ದರು. "ನೀವು ಲೆಕ್ಕ ಹಾಕಿದ ಹೊತ್ತಿಗೇ ಇನ್ನೊಮ್ಮೆ ಕುಗ್ಗಲಿ, ಒಪ್ತೀವಿ." ಆ ಹೊತ್ತು ಬಿದ್ದದ್ದು ನಮ್ಮ ನಡುಮಧ್ಯಾಹ್ನಕ್ಕೆ! ಟಾನಿ ಎದೆಗುಂದಲಿಲ್ಲ. ಆಗ ಕತ್ತಲಿರುವ ಆಸ್ಟ್ರೇಲಿಯಾದಲ್ಲಿ ತನ್ನ ಹಾಗೇ ನಕ್ಷತ್ರ ಅಳೆಯುವ ಮೇಷ್ಟ್ರೊಬ್ಬನಿಗೆ, ನೀನು ನೋಡು ಅಂತ ಬರೆದಳು.

ಅದೇ ದಿನ ಕೇಪ್‌ಟೌನಿನಿಂದ ಟಾನಿಯ ಹೃದಯದ ಆಪರೇಷನ್ನಿಗೆ ಆಸ್ಪತ್ರೆಯ ಕರೆ ಬರಬೇಕೇ? ಗೇಟಿನಲ್ಲಿ ಆಂಬುಲೆನ್ಸ್. ಟಾನಿ ಅಡುಗೆಮನೆಯಲ್ಲಿ ಫೋನು ಹಿಡಿದು ಕೂತೇ ಇದ್ದಳು.

"ಟಾನಿ, ಹೊರಡೋಣ್ವಾ?" ಅಂದ ಚಾಲಕ.

"ಹತ್ತು ನಿಮಿಷ, ಮಗಾ."

"ಅರ್ಧ ಗಂಟೆಯಿಂದ ಅದೇ ಹತ್ತು ನಿಮಿಷ!"

ಎದುರುಮನೆಯ ಮುದುಕ ಹೆನೆರಿಕ್ ಬಾಗಿಲಿಗೆ ಒರಗಿದ್ದ. "ನಿನ್ನ ಗ್ರಹ ಎಷ್ಟು ದಿನಕ್ಕೊಂದು ಸುತ್ತು ಹಾಕುತ್ತೆ?"

"ನಾಲ್ಕು. ಅಲ್ಲಿ ವರ್ಷ ಅಂದ್ರೆ ನಾಲ್ಕೇ ದಿನ."

"ಅಯ್ಯೋ ಮುದುಕಿ! ಹಂಗಾದ್ರೆ ನಿಂಗೀಗ ಆರು ಸಾವಿರ ದಾಟಿದೆ. ಆಪರೇಷನ್ ಯಾಕೆ?"

"ನಿನ್ನ ಬಾಯಿಗೆ ಮಾಡಿಸ್ಬೇಕು."

ಅಷ್ಟರಲ್ಲಿ ಫೋನು ಗುಂಯ್‌ಗುಟ್ಟಿತು. ಮೇಷ್ಟ್ರು ಆ ಬೆಳಕಿನ ಗ್ರಾಫ್ ಕಳಿಸಿದ್ದ; ಪಕ್ಕದಲ್ಲಿದ್ದ ನಾನೂ ಬಗ್ಗಿ ನೋಡಿದೆ. ಚುಕ್ಕೆಗಳ ಸಾಲು ನೆಟ್ಟಗೆ ಬಂದು, ಆಕೆ ಹೇಳಿದ ನಿಮಿಷಕ್ಕೇ ಇಳಿದು, ತಳದಲ್ಲಿ ರೊಟ್ಟಿಕಲ್ಲಿನ ಹಾಗೆ ಚಪ್ಪಟೆಯಾಗಿ ಸಾಗಿ, ಮತ್ತೆ ಮೇಲೇರಿತ್ತು.

"ಬಂತು! ಬಂತು ಕಣ್ರೋ!" ಟಾನಿ ಚಾಲಕನನ್ನೇ ತಬ್ಬಿಕೊಂಡಳು.

"ಟಾನಿ, ಎದೆ! ಎದೆ ನೋಡ್ಕೊಳ್ಳಿ!"

ಹೆನೆರಿಕ್ ಟೋಪಿ ತೆಗೆದ. "ಕಾಲೂರೋಕೆ ಜಾಗ ಇದ್ಯಾ ಅಲ್ಲಿ?"

"ನೆಲವೇ ಇಲ್ಲ. ಬರೀ ಬಿಸಿ ಗಾಳಿ, ನಿನ್ನ ಹಂಗೆ!"

ಮಲಗಿಸಿ ಒಯ್ಯುತ್ತೇವೆಂದರೆ ಒಪ್ಪಲಿಲ್ಲ. ಬೆಟ್ಟದವರಿಗೆ ಫೋನು ಹಚ್ಚಿ, "ಬರ್ಕೊಳ್ಳಿ, ಹನ್ನೆರಡು ಹದಿನೇಳಕ್ಕೆ ಶುರು!" ಅಂತ ಕೂಗುತ್ತ ತಾನೇ ಮೆಟ್ಟಿಲಿಳಿದಳು. ಆ ಮನೆಯಿಂದ ಆಕೆ ಹೊರಟದ್ದು ಅದೇ ಕೊನೆ; ಆಪರೇಷನ್ನಿನಿಂದ ಜೀವಂತ ಮರಳಲಿಲ್ಲ. ಹೊರಟಾಗ ಒಲೆಯ ಮೇಲೆ ಕುರಿಮಾಂಸ ಬೇಯುತ್ತಿತ್ತು, ಬಾಗಿಲು ಹಾಕುವ ನೆನಪೂ ಆಕೆಗಿರಲಿಲ್ಲ.