ಓರೆಯಾಗದ ಹರಳು

ಬಾಣಾವರದ ಸಂಘಮಿತ್ರಾ ಪಿಎಚ್.ಡಿ.ಗಾಗಿ ಹಿಡಿದಿದ್ದ ಕೆಲಸ ಒಂದೇ: ಕರಗಿದ ಅಲ್ಯೂಮಿನಿಯಂ ಆರಿ ಗಟ್ಟಿಯಾಗುವಾಗ ಅದರೊಳಗೆ ಹರಳುಗಳು ಹೇಗೆ ಕವಲೊಡೆಯುತ್ತವೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸುವುದು. ಸಂಶೋಧನಾ ಪತ್ರಿಕೆಯೊಂದು ಅವಳ ಪ್ರಬಂಧವನ್ನು ಒಪ್ಪಿಕೊಂಡಿತ್ತು. ರಜೆಗೆ ಊರಿಗೆ ಬಂದವಳು ಸುಮ್ಮನಿರಲಾರದೆ, ಮೊದಲ ಹರಳನ್ನು ಸ್ವಲ್ಪ ಓರೆಯಾಗಿಟ್ಟು ಲೆಕ್ಕವನ್ನು ಮತ್ತೆ ಓಡಿಸಿದಳು. ಕವಲುಗಳೂ ಓರೆಯಾಗಿ ಬೆಳೆಯಬೇಕಿತ್ತು; ನೆಟ್ಟಗೇ ಬೆಳೆದವು. ಲೆಕ್ಕಕ್ಕಾಗಿ ಅವಳೇ ಹಾಕಿದ್ದ ಚೌಕಗಳ ಗೆರೆ ಹಿಡಿದು ಹರಳು ಸಾಗುತ್ತಿತ್ತು. ಅಂದರೆ ಇಷ್ಟು ದಿನ ಕಂಡ ಆಕಾರ ಲೋಹದ್ದಲ್ಲ, ಆ ಚೌಕಗಳದ್ದು.

ಮಾರ್ಗದರ್ಶಕ ಕುಮಾರಸ್ವಾಮಿಯವರಿಗೆ ಫೋನ್ ಮಾಡಿದಳು.

"ಸರ್, ಪೇಪರ್ ವಾಪಸ್ ತಗೋಬೇಕು. ಚಿತ್ರಗಳೆಲ್ಲ ತಪ್ಪು."

"ಯಾರೂ ಕೇಳಿಲ್ವಲ್ಲಮ್ಮ, ನೀನ್ಯಾಕೆ ಹೇಳ್ತೀಯ?"

"ಅದನ್ನ ನಂಬಿ ಯಾರಾದ್ರೂ ಎರಕ ಹೊಯ್ದರೆ, ಸರ್?"

ಅವರು ಫೋನಿಟ್ಟರು.

ಮಗಳ ಮುಖ ನೋಡಿ ಅವ್ವ ಭಾಗ್ಯ ಗಾಬರಿಯಾದಳು. "ಏನಾಯ್ತವ್ವ?"

"ಇಷ್ಟು ವರ್ಷದ ಕೆಲಸ ಹೋಯ್ತು ಕಣವ್ವ."

"ಮತ್ತೆ ಮಾಡಕಾಗಕಿಲ್ವಾ?"

"ಮಾಡಬೋದು. ಸರ್ ಜೊತೆಗಿರಲ್ಲ."

ಸಂಜೆಯೇ ಪತ್ರಿಕೆಗೆ ಬರೆದು ಪ್ರಬಂಧವನ್ನು ಹಿಂತೆಗೆದುಕೊಂಡಳು. ಕುಮಾರಸ್ವಾಮಿ ಮಾತು ಬಿಟ್ಟರು. ಲೆಕ್ಕವನ್ನು ಬುಡದಿಂದ ತಿದ್ದಿ, ಇನ್ನೊಬ್ಬರ ಮಾರ್ಗದರ್ಶನದಲ್ಲಿ ತಡವಾಗಿ ಪದವಿ ಪಡೆದಳು. ಈಗ ಅರಸೀಕೆರೆಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಾಳೆ. ಸಮ್ಮೇಳನಗಳಲ್ಲಿ ಎದುರಾದರೆ ಕುಮಾರಸ್ವಾಮಿ ಇಂದಿಗೂ ಮುಖ ತಿರುಗಿಸುತ್ತಾರೆ. ಅವಳು ಮಾತ್ರ ಪ್ರತಿ ಸಲವೂ ನಮಸ್ಕರಿಸುತ್ತಾಳೆ.