ಕರೆ: ಭಾಗಶಃ

ನೋವಿ ಸಾದ್ ಊರಿನ ನಮ್ಮ ಬಡಾವಣೆಯಲ್ಲಿ ವೊಯಿನ್ ಎಂದು ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಸತ್ತ ಫೋನಿನವನು ಎಂದರೆ ಮಕ್ಕಳೂ ಮನೆ ತೋರಿಸುತ್ತವೆ. ಮೂವತ್ತು ವರ್ಷ ಟೆಲಿಫೋನ್ ತಂತಿ ಜೋಡಿಸಿ ನಿವೃತ್ತನಾದ ಮನುಷ್ಯ. ಕಂಪನಿಗಳು ಕೈಬಿಟ್ಟ ಫೋನುಗಳನ್ನು ಹಳೇ ಸಾಮಾನಿನ ಸಂತೆಯಿಂದ ಹೆಕ್ಕಿ ತಂದು ಅವುಗಳೊಳಗೆ ಲಿನಕ್ಸ್ ಎಂಬ ತಂತ್ರಾಂಶ ಕೂರಿಸುತ್ತಾನೆ. ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಓಡುವ ಅದೇ ಲಿನಕ್ಸ್. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು. ದೇಶ ದೇಶಗಳ ಇಂಥ ಹಟಮಾರಿಗಳೆಲ್ಲ ಸೇರಿ ಯಾವ ಫೋನಿನಲ್ಲಿ ಏನೇನು ಕೆಲಸ ಮಾಡುತ್ತದೆಂದು ಒಂದು ಪಟ್ಟಿ ಇಟ್ಟುಕೊಂಡಿದ್ದಾರೆ, ಫೋನಿಗೊಂದು ಸಾಲು. ವೊಯಿನ್‌ನ ಫೋನಿನ ಸಾಲು ಹೀಗಿತ್ತು. ಪರದೆ: ಹೌದು. ವೈಫೈ: ಹೌದು. ಕ್ಯಾಮೆರಾ: ಇಲ್ಲ. ಕರೆ: ಭಾಗಶಃ.

"ಭಾಗಶಃ ಅಂದ್ರೆ ಏನಯ್ಯಾ?" ಎಂದು ನೆರೆಮನೆಯವಳಾದ ನಾನು ಒಮ್ಮೆ ಕೇಳಿದೆ.

"ಫೋನ್ ಮಲಗಿದ್ದಾಗ ಕರೆ ಬಂದ್ರೆ ಒಂದೊಂದ್ಸಲ ಎಚ್ಚರ ಆಗಲ್ಲ."

"ಹಾಗಿದ್ರೆ ಅದು ಫೋನೇ ಅಲ್ಲ ಬಿಡು."

"ನಿನ್ನ ಫೋನು ಸದಾ ಎಚ್ಚರ ಇರುತ್ತೆ ರೂಜಾ, ಒಪ್ತೀನಿ. ಯಾರಿಗೋಸ್ಕರ ಎಚ್ಚರ ಇರುತ್ತೆ, ಅದನ್ನೂ ಸ್ವಲ್ಪ ಯೋಚನೆ ಮಾಡು."

ಬೀದಿಗಿಳಿದವರ ಫೋನಿನ ಮಾತುಗಳು ಸರ್ಕಾರದಲ್ಲಿ ಯಾರ ಯಾರ ಮೇಜು ಸೇರುತ್ತವೆಂದು ನನಗೆ ಗೊತ್ತು. ತೊಂಬತ್ತಾರರ ಚಳಿಗಾಲದಲ್ಲಿ ನಾವಿಬ್ಬರೂ ಸರ್ಕಾರದ ವಿರುದ್ಧ ಮೆರವಣಿಗೆಯಲ್ಲಿ ತಿಂಗಳುಗಟ್ಟಲೆ ನಡೆದವರು, ಮೂಗು ಸೋರಿಸಿಕೊಂಡು, ಸೀಟಿ ಊದಿಕೊಂಡು. ಸಂಜೆ ಸರ್ಕಾರಿ ಟಿವಿಯಲ್ಲಿ ಸುದ್ದಿ ಶುರುವಾದ ಕೂಡಲೇ ಊರಿಗೆ ಊರೇ ಕಿಟಕಿಗೆ ಬಂದು ಆ ಸುಳ್ಳು ಕೇಳಿಸದ ಹಾಗೆ ಪಾತ್ರೆ ಬಡಿಯುತ್ತಿತ್ತು. ವೊಯಿನ್ ತನ್ನ ಹೆಂಡತಿ ದೇಸಾಳ ಅವರೆಕಾಳು ಬೇಯಿಸುವ ಪಾತ್ರೆಯನ್ನು ತಳ ಒಳಗೆ ಹೋಗುವಷ್ಟು ಬಡಿದಿದ್ದ. ಆ ಪಾತ್ರೆ ಇವತ್ತಿಗೂ ಒಲೆಯ ಮೇಲೆ ಓಲಾಡುತ್ತದೆ.

ಈಗ ದೇಸಾಳಿಗೆ ಆ ಪಾತ್ರೆ ಕಾಣುವುದಿಲ್ಲ. ಎರಡೂ ಕಣ್ಣಿನ ಮುಂಪದರ ಮಂಜುಗಟ್ಟಿದೆ. ಸತ್ತವರು ಬಿಟ್ಟುಹೋದ ಪದರ ಹೊಲಿದರೆ ಕಾಣುತ್ತದೆ ಎಂದು ಆಸ್ಪತ್ರೆಯವರು ಹೇಳಿ ಹೆಸರು ಬರೆದುಕೊಂಡಿದ್ದರು. ಕಣ್ಣು ಸಿಕ್ಕ ದಿನ ಫೋನ್ ಮಾಡುತ್ತಾರೆ. ಮೂರು ಸಲ ಮಾಡುತ್ತಾರೆ. ಎತ್ತದಿದ್ದರೆ ಪಟ್ಟಿಯಲ್ಲಿ ಮುಂದಿನವರು. ಎರಡು ವರ್ಷ ಕಾದು ದೇಸಾಳ ಹೆಸರು ಮೇಲಕ್ಕೆ ಬಂದಿತ್ತು.

ನಂಬರು ಯಾರದು ಕೊಟ್ಟಿದ್ದರು? ವೊಯಿನ್‌ನದು.

"ನನ್ನ ನಂಬರ್ ಕೊಡೋಣ," ಎಂದು ನಾನು ಬಡಿದುಕೊಂಡಿದ್ದೆ.

"ನನ್ನ ಹೆಂಡತಿ ಕಣ್ಣಿಗೆ ನೆರೆಮನೆ ಫೋನಾ? ಆಸ್ಪತ್ರೆ ಕರೆ ಬರೋವರೆಗೂ ಇದನ್ನ ಮಲಗೋಕೇ ಬಿಡಲ್ಲ, ನೋಡ್ತಿರು," ಎಂದ. ಬಿಡಲೂ ಇಲ್ಲ. ಬ್ಯಾಟರಿ ಮೂರು ಗಂಟೆಗೆ ಖಾಲಿಯಾಗುತ್ತಿತ್ತು. ಕತ್ತಿಗೆ ಚಾರ್ಜರ್ ನೇತುಹಾಕಿಕೊಂಡು ಕರುವಿನ ಹಾಗೆ ಓಡಾಡುತ್ತಿದ್ದ.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಅವರ ಹಿತ್ತಲಿನಲ್ಲಿ ಚಳಿಗಾಲದ ಚಟ್ನಿಗೆಂದು ಕೆಂಪು ದೊಣ್ಣೆಮೆಣಸು ಸುಡುತ್ತಿದ್ದೆವು. ಇಪ್ಪತ್ತೈದು ಕಿಲೋ. ದೇಸಾ ಬೆರಳಿನಲ್ಲೇ ನೋಡಿಕೊಂಡು ಸಿಪ್ಪೆ ಸುಲಿಯುತ್ತಿದ್ದಳು, ನನಗಿಂತ ಚುರುಕಾಗಿ. ವೊಯಿನ್ ಮೂಲೆಯ ಮೇಜಿನ ಬಳಿ ಫೋನಿಗೆ ತಂತಿ ಚುಚ್ಚಿ ಕಂಪ್ಯೂಟರಿಗೆ ಕಣ್ಣು ನೆಟ್ಟು ಕೂತಿದ್ದ. ಪೋಲೆಂಡಿನ ಬೊಗುಮಿಲ್ ಎಂಬ ಅವನ ಜೊತೆಗಾರ ಅವತ್ತು ಪರೀಕ್ಷೆಗೆಂದು ಕರೆ ಮಾಡುತ್ತೇನೆ ಎಂದಿದ್ದನಂತೆ. ಅದಕ್ಕಾಗಿ, ಹತ್ತೇ ನಿಮಿಷ ಎಂದುಕೊಂಡು, ಈ ಪುಣ್ಯಾತ್ಮ ಫೋನನ್ನು ಮಲಗಿಸಿದ್ದ.

"ಸಿಕ್ಕಿಬಿತ್ತು! ರೂಜಾ, ಸಿಕ್ಕಿಬಿತ್ತು!" ಎಂದು ಕುರ್ಚಿ ಬೀಳುವ ಹಾಗೆ ಎದ್ದ. "ಕರೆ ಸಿಗ್ನಲ್ ಹಿಡಿಯೋ ಮೋಡೆಮ್‌ವರೆಗೂ ಬಂದಿದೆ. ಅದರ ಮೇಲಿನ ಲಿನಕ್ಸ್ ಎದ್ದೇ ಇಲ್ಲ. ಎರಡು ವರ್ಷದಿಂದ ಈ ನನ್ಮಗನ್ ದೋಷಾನ ಹುಡುಕ್ತಿದ್ದೆ!"

"ಯಾರದು ಫೋನು?" ದೇಸಾ ತಲೆ ಎತ್ತಿದಳು.

"ಬೊಗುಮಿಲ್. ಪರೀಕ್ಷೆ."

"ಖಂಡಿತಾನಾ?"

"ನಂಬರ್ ತೋರಿಸ್ತಿಲ್ಲ. ಇನ್ಯಾರು ಮಾಡ್ತಾರೆ ಈ ಹೊತ್ನಲ್ಲಿ?"

"ಆಫ್ ಮಾಡಿ ಆನ್ ಮಾಡಯ್ಯ, ನೋಡೇಬಿಡೋಣ," ಎಂದೆ ನಾನು.

"ಹುಚ್ಚಾ ನಿಂಗೆ? ಆಫ್ ಮಾಡಿದ್ರೆ ಸಾಕ್ಷಿ ಎಲ್ಲ ಅಳಿಸಿಹೋಗುತ್ತೆ. ಮೊದಲು ಬರ್ಕೋಬೇಕು."

ಬೇರೆ ಯಾರಾದರೂ ಆಗಿದ್ದರೆ ಬೈದುಕೊಂಡು ಗುಂಡಿ ಒತ್ತುತ್ತಿದ್ದರು. ಇವರ ಪೈಕಿಯವರು ಹಾಗೆ ಮಾಡುವುದಿಲ್ಲ. ಕೆಟ್ಟದ್ದನ್ನು ಸರಿಮಾಡುವ ಮೊದಲು ಹೇಗೆ ಕೆಟ್ಟಿತೆಂದು ಎಲ್ಲರಿಗೂ ತಿಳಿಯುವಂತೆ ದಾಖಲಿಸಬೇಕು; ಅದು ಅವರ ಧರ್ಮ. ವೊಯಿನ್ ಸಾಲು ಸಾಲಾಗಿ ನಕಲು ತೆಗೆದ. ಕರೆ ಮತ್ತೊಮ್ಮೆ ಬಂತು, ಫೋನು ಏಳಲಿಲ್ಲ, ಇವನು ಕೈ ಉಜ್ಜಿಕೊಂಡ. ಮೂರನೆಯದೂ ಬಂತು. "ಬೊಗುಮಿಲ್ ಬಂಗಾರದಂಥ ಮನುಷ್ಯ," ಎಂದ. ನಾವು ಮೆಣಸು ಸುಲಿದೆವು. ನಾನೂ ಸುಲಿದೆ. ಎದ್ದು ಹೋಗಿ ಅವನ ಕೈಯಿಂದ ಆ ದರಿದ್ರವನ್ನು ಕಿತ್ತುಕೊಳ್ಳಬೇಕಿತ್ತು, ಕಿತ್ತುಕೊಳ್ಳಲಿಲ್ಲ.

ಐದೂವರೆಗೆ ಫೋನನ್ನು ಆಫ್ ಮಾಡಿ ಆನ್ ಮಾಡಿದ. ಎರಡು ಸಂದೇಶಗಳು ಒಟ್ಟಿಗೆ ಬಿದ್ದವು. ಒಂದು ಬೊಗುಮಿಲ್‌ನದು: ಜ್ವರ, ನಾಳೆ ಮಾಡುತ್ತೇನೆ. ಇನ್ನೊಂದು ಆಸ್ಪತ್ರೆಯದು.

ವೊಯಿನ್ ಎರಡನೆಯದನ್ನು ಓದಿ ಹೇಳಲಿಲ್ಲ. ಫೋನನ್ನು ನನ್ನ ಕೈಗೆ ಕೊಟ್ಟ. ನಾನೇ ಓದಿ ಹೇಳಬೇಕಾಯಿತು. ಕೂಡಲೇ ನನ್ನ ಫೋನಿನಿಂದ ಆಸ್ಪತ್ರೆಗೆ ಮಾಡಿದೆವು. ಅಲ್ಲಿ ಫೋನ್ ಎತ್ತಿದ ಹೆಂಗಸು ಪಾಪ ಒರಟಾಗೇನೂ ಮಾತಾಡಲಿಲ್ಲ. ಕಣ್ಣು ಕಾಯುವುದಿಲ್ಲಮ್ಮ, ಮುಂದಿನವರನ್ನು ಕರೆದೆವು, ಅವರು ಈಗ ಆಪರೇಷನ್ ಮೇಜಿನ ಮೇಲಿದ್ದಾರೆ ಎಂದಳು. ನಿಮ್ಮ ಹೆಸರು ಪಟ್ಟಿಯಲ್ಲೇ ಇದೆ, ಕಾಯಿರಿ ಎಂದಳು.

ದೇಸಾ ಮಸಿ ಹತ್ತಿದ ಬೆರಳುಗಳನ್ನು ಒರೆಸಿಕೊಂಡಳು. "ನನ್ನ ಪಾತ್ರೆ ಬಡಿದು ಬಡಿದು ಹಾಳು ಮಾಡಿದೆ," ಎಂದಳು ಗಂಡನಿಗೆ. "ಅದಕ್ಕೆ ಸದ್ದಾದ್ರೂ ಇತ್ತು ಮಾರಾಯ."

ನಾನು ಅವನಿಗೆ ಏನೆಂದೆ ಎಂದು ಇಲ್ಲಿ ಬರೆಯುವ ಹಾಗಿಲ್ಲ. ಆದರೆ ಪೂರ್ತಿ ಅವನನ್ನೇ ಬೈದು ಮುಗಿಸಲೂ ಆಗುತ್ತಿಲ್ಲ, ಅದೇ ನನ್ನ ಸಂಕಟ. ಆ ಮೋಡೆಮ್ ಹೇಗೆ ಎಚ್ಚರಗೊಳ್ಳುತ್ತದೆಂದು ಅದನ್ನು ತಯಾರಿಸಿದ ಕಂಪನಿಯವರು ಎರಡು ಹಾಳೆ ಬರೆದು ಹೊರಗೆ ಹಾಕಿದ್ದರೆ ಎರಡು ವರ್ಷ ಹುಡುಕುವ ಕೆಲಸವೇ ಇರುತ್ತಿರಲಿಲ್ಲ. ಹಾಕಲಿಲ್ಲ, ಹಾಕುವುದೂ ಇಲ್ಲ. ಬಾಗಿಲು ಅವರು ಮುಚ್ಚುತ್ತಾರೆ, ಬಡಿದು ಬಡಿದು ಕೈ ಮುರಿದುಕೊಳ್ಳುವವರು ನಾವು, ಕೊನೆಗೆ ಪೆಟ್ಟು ಬೀಳುವುದು ಪಕ್ಕದಲ್ಲಿ ಮೆಣಸು ಸುಲಿಯುತ್ತ ಕೂತವಳಿಗೆ.

ಅವನು ಬರೆದುಕೊಂಡ ಸಾಕ್ಷಿಯಿಂದ ಮೂರು ವಾರದಲ್ಲಿ ದೋಷ ಸರಿಹೋಯಿತು. ಪಟ್ಟಿಯಲ್ಲಿ ಈಗ "ಕರೆ: ಹೌದು" ಎಂದಿದೆ. ಮುಖ ನೋಡದ ನಲವತ್ತು ಜನ ಅವನಿಗೆ ಥ್ಯಾಂಕ್ಸ್ ಬರೆದರು. ಅವನು ಒಬ್ಬರಿಗೂ ಉತ್ತರಿಸಲಿಲ್ಲ.

ದೇಸಾ ನನ್ನ ಜೊತೆ ಸಂತೆಗೆ ಬಂದು ಗುಂಡಿ ಒತ್ತುವ ಫೋನೊಂದನ್ನು ಕೊಂಡಳು. ಆಸ್ಪತ್ರೆಗೆ ಆ ನಂಬರು ಕೊಟ್ಟಳು. ಏಪ್ರನ್ನಿನ ಜೇಬಿನಲ್ಲೇ ಇರುತ್ತದೆ. ದಿನಾ ಬೆಳಿಗ್ಗೆ, ನಾನು ಕಾಫಿಗೆ ಹೋಗುವ ಹೊತ್ತಿಗೆ, ಅದು ರಿಂಗಾಗುತ್ತದೆ. ಅವಳು ಕೈಯಲ್ಲಿದ್ದ ಲೋಟವನ್ನು ಇಟ್ಟು ಜೇಬಿಗೆ ಕೈ ಹಾಕುತ್ತಾಳೆ.

"ಆಸ್ಪತ್ರೆಯಾ?"

"ಅಲ್ಲ, ನಾನೇ," ಪಕ್ಕದ ಕೋಣೆಯಿಂದ ವೊಯಿನ್. "ಬರುತ್ತೋ ಇಲ್ವೋ ಅಂತ ನೋಡಿದೆ."

"ಬಂತು. ಇಡು," ಎನ್ನುತ್ತಾಳೆ. "ಲೈನ್ ಖಾಲಿ ಬಿಡು."