ಇಲಿಕೋಣೆಯ ಒಳಗಿನಿಂದ

ದೆವ್ವ, ಶಕುನ ಎಂದು ಯಾರಾದರೂ ಬಾಯಿ ತೆರೆದರೆ ಸಾಕು, ನಾನು ರೇಗುತ್ತಿದ್ದೆ. ಮೈಸೂರಿನ ನಮ್ಮ ಸೋದರತ್ತೆಯಂತೂ ನನ್ನೆದುರು ಅಂಥ ಮಾತೇ ಎತ್ತುತ್ತಿರಲಿಲ್ಲ. ಈಗಲೂ ನಾನು ಹೆಚ್ಚುಕಡಿಮೆ ಹಾಗೆಯೇ. ಆದರೆ ಇದೊಂದನ್ನು ಏನು ಮಾಡಲಿ, ನೀವೇ ಹೇಳಿ.

ಎಂಬತ್ತರ ದಶಕದ ಕೊನೆ. ಗೋರೆಗಾಂವ್‌ನ ಒಂದು ಪ್ರಯೋಗಾಲಯದಲ್ಲಿ ನಾನೂ ಸಹೋದ್ಯೋಗಿ ಸದಾನಂದರೂ ಮಲೇರಿಯಾ ಲಸಿಕೆಯ ಬೆನ್ನು ಹತ್ತಿದ್ದೆವು. ರೋಗಾಣುವಿನ ಒಂದು ಜೀನನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿ ಪ್ರೋಟೀನು ಮಾಡಿಸುವುದು, ಅದನ್ನು ಇಲಿಗಳಿಗೆ ಚುಚ್ಚುವುದು, ಆಮೇಲೆ ಅವಕ್ಕೆ ಮಲೇರಿಯಾ ಹತ್ತಿಸಿ ಬದುಕುತ್ತವೆಯೇ ನೋಡುವುದು. ಹಿಂದಿನ ಪ್ರಯತ್ನಗಳೆಲ್ಲ ನೆಲಕಚ್ಚಿದ್ದವು. ಇದೂ ಕೈಕೊಟ್ಟರೆ ಅಂಗಡಿ ಮುಚ್ಚಿ ಎಂದು ಮೇಲಿನವರು ಹೇಳಿಬಿಟ್ಟಿದ್ದರು. ಈ ಸಲ ಲಸಿಕೆ ಹಾಕದ ಇಲಿಗಳೆಲ್ಲ ಸತ್ತಿದ್ದವು, ಹಾಕಿದವು ಇನ್ನೂ ಓಡಾಡುತ್ತಿದ್ದವು. ಮತ್ತೊಂದು ವಾರ ಉಳಿದರೆ ಗೆದ್ದಂತೆ.

ಸದಾನಂದರು ಮಂಗಳೂರಿನವರು. ಇಲಿಕೋಣೆಗೆ ಹೋಗುವ ಮೊದಲು ಉಂಗುರದ ಬೆರಳಿನಿಂದ ಬಾಗಿಲು ತಟ್ಟುವುದು ಅವರ ಪದ್ಧತಿ. ಟಕ್ ಟಕ್, ಸ್ವಲ್ಪ ಬಿಟ್ಟು ಇನ್ನೊಂದು ಟಕ್. ನಾನು ನಕ್ಕರೆ, "ಒಮ್ಮೆಲೇ ನುಗ್ಗಿದ್ರೆ ಹೆದರ್ತಾವೆ ಮಾರಾಯ್ರೆ. ನಿಮ್ಮ ಮನೆಗೆ ಯಾರಾದ್ರೂ ಹಾಗೆ ನುಗ್ಗಿದ್ರೆ ಸುಮ್ಮನಿರ್ತೀರಾ?" ಎನ್ನುತ್ತಿದ್ದರು. ಬರಬರುತ್ತ ನಾನೂ ತಟ್ಟತೊಡಗಿದೆ.

ಆ ಮಳೆಗಾಲದಲ್ಲಿ ಅವರಿಗೇ ಮಲೇರಿಯಾ ಬಂತು. ಜ್ವರ ತಲೆಗೇರಿ, ವಿಲೆ ಪಾರ್ಲೆಯ ಆಸ್ಪತ್ರೆಯಲ್ಲಿ ಮೈಮೇಲೆ ಎಚ್ಚರವಿಲ್ಲದೆ ಬಡಬಡಿಸುತ್ತ ಮಲಗಿದ್ದರು.

ಒಂದು ಶನಿವಾರ ಸಂಜೆ ಇಲಿಗಳಿಗೆ ನೀರಿಟ್ಟು, ಕೋಣೆಗೆ ಬೀಗ ಹಾಕಿ, ಮಹಡಿಯ ಮೇಲಿನ ಕೆಲಸ ಮುಗಿಸಿ ಕೆಳಗಿಳಿದೆ. ಎಲ್ಲರೂ ಹೋಗಿಯಾಗಿತ್ತು. ಇಲಿಕೋಣೆಯನ್ನು ದಾಟುವಾಗ ಒಳಗಿನಿಂದ ಟಕ್ ಟಕ್ ಎಂದಿತು. ನಿಂತೆ. ಇನ್ನೊಂದು ಟಕ್.

"ಕೌನ್ ಹೈ?" ಎಂದು ಕೂಗಿದೆ. ಕಿಟಕಿಯಿಲ್ಲದ ಕೋಣೆ, ಒಂದೇ ಬಾಗಿಲು, ಕೀಲಿಕೈ ನನ್ನ ಜೇಬಿನಲ್ಲಿ. ಮತ್ತೆ ಅದೇ ಸದ್ದು, ಈ ಸಲ ಅವಸರದಲ್ಲಿ. ಸುಳ್ಳೇಕೆ ಹೇಳಲಿ, ಓಡಿಹೋಗೋಣ ಅನ್ನಿಸಿತು. ಆದರೂ ಬೀಗ ತೆಗೆದೆ.

ಬಿಸಿಗಾಳಿ ಮುಖಕ್ಕೆ ರಾಚಿತು. ಒಳಗೆ ಯಾರೂ ಇರಲಿಲ್ಲ. ಏಸಿಯೂ ಗಾಳಿ ಹೊರಗೆಳೆಯುವ ಫ್ಯಾನೂ ನಿಂತುಹೋಗಿದ್ದವು. ಇಲಿಗಳು ಮೈಚಾಚಿ ಏದುಸಿರು ಬಿಡುತ್ತಿದ್ದವು. ಪಂಜರಗಳನ್ನೆಲ್ಲ ವರಾಂಡಕ್ಕೆ ಹೊತ್ತು ಹಾಕಿದೆ. ಬೆಳಗಿನವರೆಗೆ ಯಾರೂ ಆ ಕಡೆ ಸುಳಿಯುತ್ತಿರಲಿಲ್ಲ. ದೇವರ ದಯೆ, ಒಂದೂ ಸಾಯಲಿಲ್ಲ.

ಮರುದಿನ ಆಸ್ಪತ್ರೆಗೆ ಹೋದೆ. ಸದಾನಂದರ ಹೆಂಡತಿ ನಿದ್ದೆಗೆಟ್ಟು ಸೋತಿದ್ದರು. "ನಿನ್ನೆ ಸಂಜೆ ಮಂಚದ ಕಬ್ಬಿಣಕ್ಕೆ ಉಂಗುರ ಕುಟ್ಟಿ ಕುಟ್ಟಿ ಸಾಕು ಮಾಡಿದ್ರು. ಸೆಕೆ, ಬಾಗಿಲು ತೆಗೀರಿ ಅಂತ ಒಂದೇ ಹಟ" ಎಂದರು. ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

ಆಮೇಲೆ ಪೈಪು, ವೈರು, ಬಾಗಿಲ ಹಲಗೆ ಎಲ್ಲ ಪರೀಕ್ಷಿಸಿದೆ. ಆ ಸದ್ದು ಯಾವುದರಿಂದಲೂ ಹೊರಡಲಿಲ್ಲ. ಇಲಿಗಳು ಉಳಿದವು, ಕೆಲಸ ಮುಂದುವರಿಯಿತು, ಸದಾನಂದರೂ ಎದ್ದು ಬಂದರು. ಎಲ್ಲ ಕೇಳಿ, "ಜ್ವರದಲ್ಲಿ ಯಾರಿಗೆ ಸೆಕೆ ಆಗುದಿಲ್ಲ ಮಾರಾಯ್ರೆ?" ಎಂದು ನಕ್ಕರು.

ಆದರೆ ಆ ಬಾಗಿಲನ್ನು ಅವರು ಮತ್ತೆಂದೂ ತಟ್ಟಲಿಲ್ಲ. "ನೀವೇ ತಟ್ಟಿ" ಎಂದು ಹಿಂದೆ ನಿಲ್ಲುತ್ತಿದ್ದರು. ನಾನು ತಟ್ಟುತ್ತಿದ್ದೆ. ಒಳಗಿನಿಂದ ಉತ್ತರ ಬಾರದಿರಲಿ ಎಂದು ಇಬ್ಬರೂ ಒಂದು ಗಳಿಗೆ ಕಾದು, ಆಮೇಲೆ ಬೀಗ ತೆಗೆಯುತ್ತಿದ್ದೆವು.